ಐದು ಮಣಿ

ಅಕ್ಕಲಕೋಟದ ದ್ರೌಪದಿಬಾಯಿಗೆ ಮೊಮ್ಮಗಳು ಮಯೂರಿಯ ಮೇಲೆ ಒಂದೇ ದೂರು: ಹುಡುಗಿ ಮೈಗಳ್ಳಿ. ಎಂಟು ವರ್ಷವಾದರೂ ಉಣ್ಣುವಾಗ ಚೆಲ್ಲುತ್ತಿದ್ದಳು, ಸಮನೆಲದಲ್ಲೂ ಎಡವುತ್ತಿದ್ದಳು, ಬರೆದ ಅಕ್ಷರ ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ. ಬುದ್ಧಿ ಚುರುಕಾಗಿದೆ, ಕೈಕಾಲುಗಳ ಹೊಂದಾಣಿಕೆಯದಷ್ಟೇ ತೊಂದರೆ ಎಂದ ಡಾಕ್ಟರು ಸೋಲಾಪುರದ ಥೆರಪಿ ಕೇಂದ್ರಕ್ಕೆ ಕಳಿಸಿದರು. ಸೊಸೆಗೆ ನೌಕರಿಯಿದ್ದುದರಿಂದ ಮಗುವನ್ನು ಎಸ್‌ಟಿ ಬಸ್ಸಿನಲ್ಲಿ ಕರೆದೊಯ್ಯುವ ಕೆಲಸ ಅಜ್ಜಿಯ ಪಾಲಿಗೆ ಬಂತು.

ಮೊದಲ ದಿನ ಮಯೂರಿ ದಾರಕ್ಕೆ ಮಣಿ ಪೋಣಿಸಲಾಗದೆ ತಡವರಿಸಿದಾಗ ದ್ರೌಪದಿಬಾಯಿ ಗದರಿದಳು. "ಲಕ್ಷ್ಯ ಕೊಟ್ಟು ಮಾಡ! ಬರೇ ಆಳಸ!"

ಥೆರಪಿಸ್ಟ್ ಸೋನಾಲಿ ನಕ್ಕು, ದಪ್ಪನೆಯ ಕೈಗವಸು ತಂದು ಅಜ್ಜಿಯ ಕೈಗೆ ಹಾಕಿದಳು. "ಅಜ್ಜಿ, ನೀವೂ ಐದು ಮಣಿ ಪೋಣಸ್ರಿ, ನೋಡೂಣು."

ನಲವತ್ತು ವರ್ಷ ರೊಟ್ಟಿ ಬಡಿದ ಕೈಗೆ ಐದು ಮಣಿ ಏನು ಮಹಾ ಎಂದುಕೊಂಡಳು. ಒಂದೂ ದಾರಕ್ಕೇರಲಿಲ್ಲ. ಎರಡು ಉರುಳಿ ನೆಲಕ್ಕೆ ಬಿದ್ದವು. ಹಣೆ ಬೆವರಿತು.

"ಲಕ್ಷ್ಯ ಐತಲ್ರಿ ನಿಮ್ದು?" ಸೋನಾಲಿ ಕೇಳಿದಳು.

"ಪೂರಾ ಐತವ್ವಾ. ಕೈ ನನ್ನ ಮಾತು ಕೇಳವಲ್ದು."

"ಮಯೂರಿಗಿ ದಿನಾ ಹಿಂಗ ಆಗ್ತದ್ರಿ."

ಮಯೂರಿ ಅಜ್ಜಿಯ ಮೊಣಕೈ ಮುಟ್ಟಿ, "ಗಡಿಬಿಡಿ ಮಾಡಬ್ಯಾಡ ಅಜ್ಜಿ, ಬರ್ತದ" ಎಂದಳು. ಇಷ್ಟು ದಿನ ಬೈದದ್ದೆಲ್ಲ ನೆನಪಾಗಿ ದ್ರೌಪದಿಬಾಯಿ ತಲೆ ತಗ್ಗಿಸಿದಳು.

ನಾಲ್ಕು ತಿಂಗಳ ಮೇಲೆ ಒಂದು ಮುಂಜಾನೆ ಮಯೂರಿ ಶಾಲೆಯ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತ ನಿಂತಿದ್ದಳು. ಹೊರಗೆ ರಿಕ್ಷಾದವನು ಹಾರ್ನ್ ಹೊಡೆಯುತ್ತಿದ್ದ. ಸಹಾಯಕ್ಕೆ ಬಂದ ಸೊಸೆಯನ್ನು ತಡೆದು ಅಜ್ಜಿ ಬಾಗಿಲಿಗೆ ಹೋಗಿ ಕೂಗಿದಳು:

"ಜರಾ ನಿಂದ್ರಪಾ! ಇನ್ನ ಎರಡ ಗುಂಡಿ ಉಳದಾವ."