ಚಪ್ಪಲಿ ಬಿಡುವ ಜಾಗ

ನಮ್ಮ ಬೊಂಗ್ವಾ ಕಣಿವೆಗೆ ಚಳಿಗಾಲ ಬಂತೆಂದರೆ ನನ್ನ ನಿದ್ದೆಗೆ ಕಲ್ಲು ಬಿತ್ತೆಂದೇ ಅರ್ಥ. ಹಿತ್ತಿಲ ಸೌದೆ ಬಾಯ್ಲರ್‌ಗೆ ನಡುರಾತ್ರಿ ಒಮ್ಮೆ, ಕೋಳಿ ಕೂಗುವ ಮೊದಲು ಇನ್ನೊಮ್ಮೆ ಹೊಟ್ಟೆ ತುಂಬಿಸಬೇಕು. ಇಲ್ಲವಾದರೆ ನೆಲದಡಿ ಬಿಸಿನೀರು ಹರಿಸಿ ಮನೆ ಕಾಯಿಸುವ ಕೊಳವೆಗಳು ಹೆಪ್ಪುಗಟ್ಟುತ್ತವೆ, ಅತ್ತೆಗೆ ಕೆಮ್ಮು ಏರುತ್ತದೆ. ಈ ಮನೆಗೆ ಹಿರಿಸೊಸೆಯಾಗಿ ಕಾಲಿಟ್ಟಾಗಿನಿಂದ ಆ ಕೆಲಸ ನನ್ನದು. ಮಾವ ಇದ್ದಾಗಲೂ ನನ್ನದೇ, ಅವರು ಹೋದ ಮೇಲೂ ನನ್ನದೇ. ಗಂಡ ಇಂಜೆ ಒಳ್ಳೆಯವರೇ, ಆದರೆ ಮಲಗಿದರೆಂದರೆ ಕಿವಿಯ ಹತ್ತಿರ ತಮಟೆ ಬಡಿದರೂ ಏಳುವವರಲ್ಲ.

ಒಂದು ಚಳಿಗಾಲ ಸೌದೆ ಹೊತ್ತು ಬರುವಾಗ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ. ಮಂಡಿ ಊದಿಕೊಂಡಿತು. ನನ್ನನ್ನು ಹೆದರಿಸಿದ್ದು ಆ ನೋವಲ್ಲ. ಬಿದ್ದಲ್ಲೇ, ಆ ಹಿಮದ ಮೇಲೇ, ಕಣ್ಣು ಮುಚ್ಚಿ ಮಲಗಿಬಿಡೋಣ ಅನಿಸಿತಲ್ಲ, ಅದು.

"ರೀ, ಬೆಂಕಿ ಬೇಡದ ಮನೆ ಕಟ್ಸಿ," ಅಂದೆ. "ಗೋಡೆ ದಪ್ಪ ಇರ್ಬೇಕು, ಸಂದಿ ಇರ್ಬಾರ್ದು, ಒಮ್ಮೆ ಬೆಚ್ಚಗಾದ್ರೆ ಬೆಚ್ಚಗೇ ಇರ್ಬೇಕು. ಅಂಥವು ಕಟ್ತಾರಂತೆ. ನಾನು ಒಂದೇ ಒಂದು ಚಳಿಗಾಲ ಬೆಳಗಿನ ತನಕ ಮಲಗ್ಬೇಕು."

ಇಂಜೆ ಒಪ್ಪಿದರು. ಜಾಗ ಅತ್ತೆಯ ಹೆಸರಿನಲ್ಲಿತ್ತು. ಅತ್ತೆಯೂ ಬೇಡವೆನ್ನಲಿಲ್ಲ, ಆದರೆ ಒಂದು ಕೊಕ್ಕೆ ಹಾಕಿದರು: "ಕಟ್ಟೋನು ಯಾರೇ ಬರ್ಲಿ, ಅವನನ್ನ ನಾನೊಂದು ಮಾತು ಕೇಳ್ಬೇಕು."

ಮೊದಲು ಬಂದವನು ಇಂಜೆಯ ಚಿಕ್ಕಪ್ಪನ ಮಗ ಗ್ಯುಹ್ವಾನ್. ಕಣಿವೆಯ ಅರ್ಧ ಮನೆಗಳು ಅವನು ಕಟ್ಟಿದವೇ. ಎರಡು ತಗಡಿನ ನಡುವೆ ಥರ್ಮಾಕೋಲ್ ಇಟ್ಟರೆ ಅವನ ಲೆಕ್ಕದಲ್ಲಿ ಅದು ಗೋಡೆ.

"ಅತ್ತಿಗೆ, ಗೋಡೆಗೆ ಯಾಕೆ ದುಡ್ಡು ಸುರೀತೀರಾ? ಬಾಯ್ಲರ್ ದೊಡ್ಡದು ಹಾಕ್ಸಿ, ಮುಗೀತು."

"ಅದಕ್ಕೆ ಸೌದೆ ಹಾಕೋಕೆ ರಾತ್ರಿ ನೀನು ಬರ್ತೀಯೇನೋ?"

ಅವನು ಹಲ್ಲು ಕಿರಿದ. ಅಷ್ಟರಲ್ಲಿ ಅತ್ತೆ ತಮ್ಮ ಮಾತು ತೆಗೆದರು. "ನಿನ್ನ ದೊಡ್ಡಪ್ಪನ ತಿಥಿ ದಿನ ಬಾಗಿಲು ತೆಗೆದಿಡ್ತೀವಲ್ಲಪ್ಪ, ಅವರು ಒಳಗೆ ಬರ್ಲಿ ಅಂತ. ಸಂದಿನೇ ಇಲ್ಲದ ಮನೇಲಿ ಹಂಗೆ ಬಾಗಿಲು ತೆಗೆದಿಟ್ರೆ ಇದ್ದ ಬಿಸಿಯೆಲ್ಲಾ ಹೋಗುತ್ತಂತೆ. ಮುಚ್ಚಿದ್ರೆ ಅವರು ಬರೋದು ಹೆಂಗೆ?"

"ದೊಡ್ಡಮ್ಮ, ನಾನು ಕಟ್ಟಿದ ಮನೆಗೆ ದೊಡ್ಡಪ್ಪ ಯಾವ ಮೂಲೆಯಿಂದ ಬೇಕಾದ್ರೂ ಬರ್ಬಹುದು!"

ಅದು ನಿಜವೇ. ಗಾಳಿಯೂ ಹಾಗೇ ಬರುತ್ತದೆ. ಆದರೆ ಪ್ರತಿ ಶರತ್ಕಾಲ ಹಿರಿಯರ ಗೋರಿಗಳ ಮೇಲಿನ ಹುಲ್ಲು ಕೊಯ್ಯುವವನು ಅವನೇ, ಮುಖಕ್ಕೆ ಹೊಡೆದಂತೆ ಬೇಡವೆನ್ನುವ ಹಾಗಿಲ್ಲ. "ಯೋಚಿಸಿ ಹೇಳ್ತೀವಿ" ಅಂದೆವು. ಅವನಿಗೆ ಅರ್ಥವಾಯಿತು. ಕಾಫಿ ಅರ್ಧ ಬಿಟ್ಟು ಎದ್ದುಹೋದ.

ಆಮೇಲೆ ನಗರದ ದೊಡ್ಡ ಕಂಪನಿಯ ಹುಡುಗನೊಬ್ಬ ಬಂದ. ಬಣ್ಣಬಣ್ಣದ ಚಿತ್ರ ತೋರಿಸಿದ. ಕಿಟಕಿಗೆ ಮೂರು ಪದರದ ಗಾಜು, ಒಳಗಿನ ಕೆಟ್ಟ ಗಾಳಿ ತನ್ನ ಬಿಸಿಯನ್ನು ಒಳಗೇ ಬಿಟ್ಟು ಹೊರಗೆ ಹೋಗುವ ಪೈಪು, ಎಲ್ಲವೂ ಇತ್ತು. ನನಗೆ ಹೋದ ಜೀವ ಬಂದಂತಾಯಿತು, ಇವನೇ ಆಗಲಪ್ಪಾ ಅಂದುಕೊಂಡೆ. ಅತ್ತೆ ಅದೇ ಮಾತು ಕೇಳಿದರು. ಅವನಿಗೆ ತಮಾಷೆ ಅನಿಸಿತು.

"ಅಜ್ಜಿ, ತಾತ ಆ ಗಾಳಿ ಪೈಪಲ್ಲೇ ಬರ್ಲಿ ಬಿಡಿ."

"ನನ್ನ ಗಂಡ ಇಲಿಯಲ್ಲ ಕಣಯ್ಯಾ," ಅಂದರು ಅತ್ತೆ. ಅಲ್ಲಿಗೆ ಆ ಕಂಪನಿಯ ಕಥೆ ಮುಗಿಯಿತು.

ಇನ್ನೊಬ್ಬ ಬರುತ್ತೇನೆಂದು ಬರಲಿಲ್ಲ. ಮತ್ತೊಬ್ಬ ಈ ದಾರಿಗೆ ದೊಡ್ಡ ಲಾರಿ ಹತ್ತಲ್ಲ ಅಂದ. ಬೇಸಿಗೆ ಹೋಯಿತು, ಮೆಣಸಿನಕಾಯಿ ಒಣಗಿಸಿ ಆಯಿತು, ಕಿಮ್ಚಿ ಉಪ್ಪಿನಕಾಯಿಗೆಂದು ಎಲೆಕೋಸಿಗೆ ಉಪ್ಪು ಹಚ್ಚಿ ಆಯಿತು. ಒಂದು ದಿನ ಯಾರಿಗೂ ಹೇಳದೆ ಸೌದೆಯವನಿಗೆ ಫೋನ್ ಮಾಡಿ ಈ ವರ್ಷದ್ದು ತಂದು ಹಾಕಲು ಹೇಳಿದೆ. ಲಾರಿ ಸೌದೆ ಸುರಿದು ಹೋದಾಗ ಆ ರಾಶಿಯನ್ನು ನೋಡುತ್ತಾ ಹಿತ್ತಿಲಲ್ಲೇ ಕೂತೆ. ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಸಾಕಾಗಿತ್ತು, ಅಷ್ಟೇ.

ಮ್ಯಾಂಗ್ ಎಂಬಾತನ ಹೆಸರು ಹೇಳಿದ್ದು ಸೊಂಟ ನೋವಿಗೆ ಸೂಜಿ ಚುಚ್ಚುವ ವೈದ್ಯರು. ಪಕ್ಕದ ಊರಿನಲ್ಲಿ ಇಂಥವೇ ಮನೆ ಕಟ್ಟುವವನು, ಸಿಡುಕ, ಮಾತಿಗೆ ಮುಂಚೆ ಮುಖ ಗಂಟು. ಫೋನಿನಲ್ಲಿ, "ಮೊದಲು ನನ್ನ ಮನೇಗೆ ಬಂದು ಕೂತ್ಕೊಳ್ಳಿ, ಆಮೇಲೆ ಮಾತು," ಎಂದು ಇಟ್ಟುಬಿಟ್ಟ. ಹೊರಗೆ ಮೀಸೆ ಹೆಪ್ಪುಗಟ್ಟುವ ಚಳಿಯಿದ್ದ ದಿನ ಮೂವರೂ ಹೋದೆವು. ಒಲೆ ಹಚ್ಚಿರಲಿಲ್ಲ, ನೆಲ ಕಾಯಿಸಿರಲಿಲ್ಲ, ಆದರೂ ಕೋಟು ಬಿಚ್ಚಿದೆವು. ಅವನು ಗೋಡೆಯೊಳಗೆ ಏನೇನು ತುಂಬುತ್ತಾನೆ, ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಗಾಳಿ ನುಗ್ಗುವ ಸಂದಿ ಹೇಗೆ ಪತ್ತೆ ಹಚ್ಚುತ್ತಾನೆ ಎಂದು ಕೊರೆಯುತ್ತಿದ್ದ. ನಾನು ಗೋಡೆಗೆ ಒರಗಿದ್ದೆ. ಅತ್ತೆ ತೊಡೆ ಚಿವುಟಿದಾಗಲೇ ಗೊತ್ತಾಗಿದ್ದು ನಿದ್ದೆ ಹೋಗಿದ್ದೆನೆಂದು.

"ಏ ಯೆಚನ್‌ನವಳೇ, ಬಂದ ಮನೇಲಿ ಗೊರಕೆನಾ?"

ತವರೂರಿನ ಹೆಸರು ಹಿಡಿದೇ ಅವರು ನನ್ನನ್ನು ಕರೆಯುವುದು. ಮ್ಯಾಂಗ್ ನನ್ನತ್ತ ತಿರುಗಿಯೂ ನೋಡಲಿಲ್ಲ. ಅತ್ತೆ ತಮ್ಮ ಪ್ರಶ್ನೆ ಕೇಳಿದರು.

"ಬಾಗಿಲು ಎಷ್ಟು ಹೊತ್ತು ತೆಗೆದಿಡ್ತೀರಿ?" ಅಂದ ಅವನು, ಅಡುಗೆಮನೆಯ ಅಳತೆ ಕೇಳುವ ದನಿಯಲ್ಲೇ.

"ಅವರು ಬರೋವರ್ಗೂ."

"ಹಂಗಾದ್ರೆ ಎರಡು ಬಾಗಿಲು ಇಡ್ತೀನಿ, ನಡುವೆ ಚಪ್ಪಲಿ ಬಿಡೋ ಜಾಗ. ಹೊರಗಿಂದು ತೆಗೀರಿ, ಅವರು ಬರ್ಲಿ. ಅದನ್ನ ಮುಚ್ಚಿ ಒಳಗಿಂದು ತೆಗೀರಿ. ಬಿಸಿನೂ ಹೋಗಲ್ಲ."

"ಮನೆ ಯಜಮಾನನ್ನ ಚಪ್ಪಲಿ ಬಿಡೋ ಜಾಗದಲ್ಲಿ ನಿಲ್ಲಿಸ್ತೀಯಾ?"

"ಅಜ್ಜಿ, ಯಜಮಾನರಾದ್ರೂ ಒಳಗೆ ಬರೋಕೆ ಮುಂಚೆ ಚಪ್ಪಲಿ ಬಿಡ್ಬೇಕಲ್ಲ?"

ಅತ್ತೆ ಊರುಗೋಲು ನೆಲಕ್ಕೂರಿ ಎದ್ದರು. "ಕಟ್ಟು," ಅಂದರು.

ಆ ಚಳಿಗಾಲ ಸೌದೆ ಹೊತ್ತೆ. ಹಿಮ ಕರಗಿದ ಮೇಲೆ ಮ್ಯಾಂಗ್ ಪಾಯ ತೆಗೆದ. ದಿನಾ ಯಾರನ್ನಾದರೂ ಬೈಯುತ್ತಲೇ ಕಟ್ಟಿದ. ಆ ಶರತ್ಕಾಲ ಗ್ಯುಹ್ವಾನ್ ಗೋರಿಯ ಹುಲ್ಲಿಗೆ ಬರಲಿಲ್ಲ. ನೋಯುವ ಮಂಡಿಯಲ್ಲೇ ನಾನು ಕೊಯ್ದೆ.

ಹೊಸ ಮನೆಯಲ್ಲಿ ಮಾವನ ಮೊದಲ ತಿಥಿ ಬಂದದ್ದು ಕೊರೆಯುವ ಚಳಿಯಲ್ಲಿ. ಬೆಳಗಿನಿಂದ ಮೀನು ಹಬೆಯಲ್ಲಿ ಬೇಯಿಸಿ, ವಡೆ ಕರಿದು, ಸಂಜೆಗೆ ಬಡಿಸುವ ಹೊತ್ತಿಗೆ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಮುಖ ಊದಿಸಿಕೊಂಡಿದ್ದರೂ ಗ್ಯುಹ್ವಾನ್ ಬಂದಿದ್ದ. ಯಾರೂ ನೋಡದಾಗ ಕಿಟಕಿಯ ಅಂಚಿನಲ್ಲಿ ಅಂಗೈಯಿಟ್ಟು ಗಾಳಿ ಹುಡುಕಿದ. ಸಿಗಲಿಲ್ಲವೆಂದು ಮುಖವೇ ಹೇಳಿತು.

ಇಂಜೆ ಹೊರಬಾಗಿಲು ತೆಗೆದು, ಸ್ವಲ್ಪ ಹೊತ್ತು ಕಾದು, ಮುಚ್ಚಿ, ಒಳಬಾಗಿಲನ್ನೂ ತಮ್ಮ ಹಿಂದೆ ಎಳೆದುಕೊಂಡು ಬಂದರು. ನಾನು ಹಿಂದೆ ಗೋಡೆಗೆ ಒರಗಿ ಕೂತಿದ್ದೆ. ಒಂದು ಗಳಿಗೆ ಎಂದು ಕಣ್ಣು ಮುಚ್ಚಿದೆ. ಮತ್ತೆ ಎಚ್ಚರವಾದದ್ದು ಇಂಜೆಯ ಪಿಸುಮಾತಿಗೆ.

"ಅಮ್ಮಾ, ಒಳಬಾಗಿಲು ತೆಗೀತೀನಿ. ಅವಳನ್ನ ಎಬ್ಸು, ಅಪ್ಪನ ಮುಂದೆ ನೀರಿಡ್ಬೇಕು."

"ಎಬ್ಸೋದು ಬೇಡ. ಬಾಗಿಲೂ ಈಗ್ಲೇ ತೆಗೀಬೇಡ. ಅವಳಿರೋದು ಅದರ ಎದುರಿಗೇ, ತಣ್ಣಗಾಗುತ್ತೆ."

"ಅಪ್ಪ ಅಲ್ಲಿ ನಿಂತಿರ್ತಾರಲ್ಲಮ್ಮಾ!"

"ನಿಂತಿರ್ಲಿ. ಬದುಕಿದ್ದಷ್ಟು ದಿನ ಒಂದು ತುಂಡು ಸೌದೆ ಹಾಕ್ಲಿಲ್ಲ ಆ ಮಹಾರಾಯ. ಇವತ್ತು ಚಪ್ಪಲಿ ಹತ್ರ ಸ್ವಲ್ಪ ಹೊತ್ತು ನಿಂತ್ರೆ ಸವೆದುಹೋಗಲ್ಲ."

ಆಮೇಲೆ ಊರುಗೋಲಿನ ಸದ್ದು ಅಡುಗೆಮನೆಗೆ ಹೋಯಿತು. ನೀರು ತರಲು ಅತ್ತೆಯೇ ಎದ್ದಿದ್ದರು. ಹಿರಿಸೊಸೆಯಾದವಳು ಆಗ ದಡಬಡಿಸಿ ಏಳಬೇಕು. ನಾನು ಏಳಲಿಲ್ಲ. ಇನ್ನೇನು ಅಳಬೇಕು, ಅಷ್ಟರಲ್ಲಿ ನಿದ್ದೆ ಬಂದುಬಿಟ್ಟಿತು.