ಹಸಿ ಬಣ್ಣದ ನಾಲ್ಕು ಹೆಸರು

ಮೂರು ತಿಂಗಳಿಂದ ನನಗೆ ಓದಲು ಬರುತ್ತಿಲ್ಲ. ಬರೆಯಲು ಬರುತ್ತದೆ. ಯಾರಿಗಾದರೂ ಹೇಳಿದರೆ ತಲೆ ಕೆಟ್ಟಿದೆ ಅಂದಾರು, ಕೆಟ್ಟಿರುವುದೂ ತಲೆಯೇ.

ಒಂದು ಬೆಳಿಗ್ಗೆ ಪೇಪರ್ ಹಿಡಿದರೆ ಅಕ್ಷರಗಳೆಲ್ಲ ಬ್ಯಾಡಗಿಯಲ್ಲಿ ಒಣಹಾಕಿದ ಮೆಣಸಿನಕಾಯಿಯ ಹಾಗೆ ಸೊಟ್ಟಸೊಟ್ಟಗೆ ಬಿದ್ದಿದ್ದವು. ಕನ್ನಡಕ ಬದಲಿಸೋಣವೆಂದು ಹಾವೇರಿಗೆ ಹೋದೆ. ಕಣ್ಣಿನ ಡಾಕ್ಟರು ನನ್ನನ್ನು ತಲೆಯ ಡಾಕ್ಟರ ಬಳಿ ಅಟ್ಟಿದರು. ಓದುವುದು ಬರೀ ಕಣ್ಣಿನ ಕೆಲಸವಲ್ಲವಂತೆ. ಕಣ್ಣು ಗೆರೆ ತೋರಿಸುತ್ತದೆ. ಆ ಗೆರೆ, ಸುರುಳಿ, ಕೊಂಬುಗಳನ್ನು ಕೂಡಿಸಿ ಅಕ್ಷರವೆಂದು ಗುರುತಿಸುವ ಜಾಗ ಮಿದುಳಿನ ಹಿಂಭಾಗದಲ್ಲಿ ಎಡಕ್ಕಿದೆ. ಅಲ್ಲಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ನಿಂತಿತ್ತಂತೆ. ಕೈಯ ನೆನಪು ಬೇರೆ ಕಡೆ ಇರುವುದರಿಂದ ಬರೆಯಬಹುದು, ಅಕ್ಷರದ ಮೇಲೆ ಬೆರಳಾಡಿಸಿದರೆ ಅಷ್ಟಿಷ್ಟು ಓದಲೂಬಹುದು ಅಂದರು. ಹೆಂಡತಿಯನ್ನು ಕರೆತನ್ನಿ ಎಂದೂ ಹೇಳಿದರು. ನಾನು ಕರೆದೊಯ್ಯಲಿಲ್ಲ. ಕನ್ನಡಕದ ನಂಬರು ಏರಿದೆ ಎಂದು ಸುನಿತಾಗೆ ಸುಳ್ಳು ಹೇಳಿದೆ. ರಾಣೆಬೆನ್ನೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಹೆಸರು ಬರೆಯುವ ದುರುಗೇಶ ಪೇಂಟರ್ ನಾನು. ಓದಲು ಬಾರದವನ ಕೈಗೆ ಯಾರು ಗಾಡಿ ಕೊಡುತ್ತಾರೆ?

ಮೊನ್ನೆ ಮೇಡ್ಲೇರಿಯ ಹೊಳಿಯಪ್ಪಜ್ಜ ಹೊಸ ಟ್ರೇಲರ್ ತಂದು ನಿಲ್ಲಿಸಿದ. ನಮ್ಮ ಕಡೆ ಟ್ರೇಲರಿನ ಹಿಂದಿನ ಬಾಗಿಲು ಮನೆಯ ಮಕ್ಕಳ ಹೆಸರಿಗೇ ಮೀಸಲು. ಒಂದು ಹೆಸರು ಬಿಟ್ಟುಹೋದರೂ ಆ ಮಗು ಊಟ ಬಿಡುತ್ತದೆ. ಅಜ್ಜ ನಾಲ್ಕು ಮೊಮ್ಮಕ್ಕಳ ಹೆಸರು ಹೇಳಿದ. ಪುಂಡಲೀಕ, ಸುದೀಪ, ರೋಹಿಣಿ ಆದವು. ನಾಲ್ಕನೆಯದು ದುರ್ಗಾ. ಬರೆಯಬೇಕೆಂದು ಕುಂಚ ಅದ್ದಿದೆ, ಫೋನ್ ಬಂತು.

ಸುನಿತಾ. ಕಿರಾಣಿ ಸಾಮಾನಿನ ಪಟ್ಟಿಯನ್ನು ವಾಟ್ಸಾಪಿಗೆ ಕಳಿಸಿದ್ದಳಂತೆ, ನೋಡಿದಿರಾ ಎಂದು ಕೇಳಿದಳು. ನೋಡಿದೆ ಅಂದೆ. ಮೊನ್ನೆಯೂ ಹೀಗೇ ಅಂದು ಬರಿಗೈಲಿ ಬಂದಿರಿ ಎಂದು ಶುರು ಹಚ್ಚಿಕೊಂಡಳು. ಫೋನು ಕಿವಿಗೂ ಹೆಗಲಿಗೂ ನಡುವೆ ಇತ್ತು, ಕೈ ತನ್ನ ಪಾಡಿಗೆ ಬರೆಯುತ್ತಿತ್ತು.

ಫೋನಿಟ್ಟು ನೋಡಿದರೆ ಬಾಗಿಲ ಮೇಲೆ ನಾಲ್ಕು ಹೆಸರಿದ್ದವು. ನಾಲ್ಕನೆಯದು ಏನು? ಬೆರಳಾಡಿಸೋಣವೆಂದರೆ ಬಣ್ಣ ಹಸಿ. ಗಾಳಿಯಲ್ಲೇ ಬೆರಳು ತಿರುಗಿಸಿದೆ, ಅಕ್ಷರ ಕೈಗೆ ಹತ್ತಲಿಲ್ಲ. ಟ್ರೇಲರನ್ನು ಮೂರು ಸಲ ಸುತ್ತಿದೆ. ಚಹಾ ತರಿಸಿದೆ, ಕುಡಿಯದೆ ಚೆಲ್ಲಿದೆ.

ಅಷ್ಟರಲ್ಲಿ ಅಜ್ಜ ಬಂದ. ಅವನಿಗೆ ಅಕ್ಷರ ಬರುವುದಿಲ್ಲ. ಓದಿ ಹೇಳು ಅಂದ. ಹೆಸರುಗಳನ್ನು ಬಾಯಿಪಾಠ ಒಪ್ಪಿಸಿದೆ. ಒಂದೊಂದಕ್ಕೂ ತಲೆದೂಗಿದ. ಬದುಕಿದೆ ಅಂದುಕೊಳ್ಳುವಷ್ಟರಲ್ಲಿ ಅವನು ಫೋನ್ ತೆಗೆದು, ಮೊಮ್ಮಗಳಿಗೆ ವಿಡಿಯೋ ಕಾಲ್ ಹಚ್ಚಿ ಬಾಗಿಲಿಗೆ ಹಿಡಿದ.

ದುರ್ಗಾ ಶಾಲೆಯಲ್ಲಿ ಎರಡನೇ ಇಯತ್ತೆ. ಪುಂ, ಡ, ಲೀ, ಕ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ನನ್ನಿಂದ ಹೋದದ್ದು ಆ ಹುಡುಗಿಗೆ ಬರುತ್ತಿತ್ತು. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ಮೂರು ಹೆಸರು ಮುಗಿಸಿ ನಾಲ್ಕನೆಯದಕ್ಕೆ ನಿಂತಳು.

"ಅಜ್ಜಾ, ಇದರಾಗ ನನ್ನ ಹೆಸರ ಇಲ್ಲ. ಸುನಿತಾ ಅಂದ್ರ ಯಾರು?"

ಅಜ್ಜ ಫೋನಿಟ್ಟು ನನ್ನ ಕಡೆ ನೋಡಿದ. ಗಮನ ತಪ್ಪಿತು ಅಂದಿದ್ದರೆ ನಡೆದುಹೋಗುತ್ತಿತ್ತು. ಆದರೆ ಇನ್ನೊಂದು ಸುಳ್ಳು ಹೊರುವ ತ್ರಾಣ ನನ್ನಲ್ಲಿರಲಿಲ್ಲ.

"ನನ್ನ ಹೇಣ್ತಿರಿ," ಅಂದೆ. "ಮೂರು ತಿಂಗಳಾತ್ರಿ, ನನಗ ಓದಾಕ ಬರವಲ್ದು."

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಗಾಡಿ ಹೊಡೆದುಕೊಂಡು ಹೋಗುತ್ತಾನೆಂದು ಕಾದೆ. ಅವನು ಕಲ್ಲಿನ ಮೇಲೆ ಕೂತು, ಹೆಂಡತಿಗೆ ಗೊತ್ತಿದೆಯೇ ಎಂದು ಕೇಳಿದ. ಇಲ್ಲವೆಂದು ತಲೆಯಾಡಿಸಿದೆ.

"ಮೊದಲ ಆಕಿಗೆ ಹೇಳು. ಆಮ್ಯಾಲ ನಮ್ಮ ಹುಡುಗಿ ಹೆಸರ ಬರಿ. ಆಕಿ ಓದಿದ ಮ್ಯಾಲ ಗಾಡಿ ಒಯ್ತೇನಿ."

ಫೋನಿನಲ್ಲಿ ಸುನಿತಾಳ ಫೋಟೋ ಹುಡುಕಿ ಒತ್ತಿದೆ. ಮತ್ತೇನು ಮರೆತಿರಿ ಎಂದು ಆ ಕಡೆಯಿಂದ ಗದರಿದಳು.

"ಸುನಿತಾ, ಇಲ್ಲಿ ನಿನ್ನ ಹೆಸರ ಬರ್ದೇನಿ," ಅಂದೆ. "ನನಗ ಓದಾಕ ಬರವಲ್ದು."