ಇಳಿ ತೆಗೆದ ರೊಟ್ಟಿ

ಶಾಸಕ ಬಸಂತರಾಯ ಜಾಮೀನಿನ ಮೇಲೆ ನಾಲತವಾಡಕ್ಕೆ ಬಂದ ದಿನ ಓಣಿಯಲ್ಲಿ ಹಬ್ಬವೋ ಹಬ್ಬ. ಕೋಳಿಕಳ್ಳ ಬಂದರೆ ಕಂಬಕ್ಕೆ ಕಟ್ಟಿ ಬಡಿಯುವ ಊರು, ಇವನಿಗೆ ಜೆಸಿಬಿಯಿಂದ ಹೂ ಸುರಿಯಿತು. ಇಂಡಿ, ಸಿಂದಗಿ, ಬಾಗೇವಾಡಿಯ ಜೀಪುಗಳು ಸಾಲುಗಟ್ಟಿದ್ದವು.

ತಾಯಿ ಲಕ್ಕವ್ವ ರೊಟ್ಟಿ ತುಂಡು, ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಗ ಗೆದ್ದು ಬಂದಾಗಲೆಲ್ಲ ಇಳಿ ತೆಗೆದವಳು ಅವಳೇ. ರೊಟ್ಟಿಯನ್ನು ಅವನ ಸುತ್ತ ನೀವಾಳಿಸಿ ಬೀದಿಗೆ ಒಗೆದರೆ ಕೆಟ್ಟ ಕಣ್ಣು ಅದರೊಂದಿಗೇ ಹೋಗುತ್ತದೆ. ಆಮೇಲೆ ಅದನ್ನು ಯಾರೂ ತುಳಿಯುವಂತಿಲ್ಲ, ದಾಟುವಂತಿಲ್ಲ. ಆಗೆಲ್ಲ ಹೆಮ್ಮೆಯಿಂದ ಎದೆಯುಬ್ಬುತ್ತಿತ್ತು. ಇವತ್ತು ಕಣ್ಣು ಮತ್ತೆ ಮತ್ತೆ ಎದುರುಮನೆಯ ಬಾಗಿಲಿಗೇ ಹೋಗುತ್ತಿತ್ತು.

ಹಾಸ್ಟೆಲ್ ಹುಡುಗಿಯರ ಅನ್ನದಲ್ಲೂ ಪಾಲು ತಿಂದವನು ಅವಳ ಮಗ. ಊಟದ ಗುತ್ತಿಗೆದಾರನಿಂದ ಲಂಚ ಪಡೆಯುವಾಗ ಲೋಕಾಯುಕ್ತರ ಕೈಗೆ ಸಿಕ್ಕಿಬಿದ್ದ. ಅಷ್ಟರಲ್ಲಿ ಮುದ್ದೇಬಿಹಾಳದ ಕಡೆಯ ಆ ಹಾಸ್ಟೆಲಿನಲ್ಲಿ ಹುಳ ಹಿಡಿದ ಬೇಳೆ ಉಂಡು, ವಾಂತಿ ಮಾಡಿ ಮಾಡಿ, ಸಗೀರಾ ಸತ್ತಿದ್ದಳು. ಎದುರುಮನೆ ಗೌಸಬಿಯ ಮೊಮ್ಮಗಳು. ಬಸಂತರಾಯ ಕೂಸಾಗಿದ್ದಾಗ ಲಕ್ಕವ್ವ ಜ್ವರದಿಂದ ಮಲಗಿದ್ದಳು. ಎದೆಹಾಲು ಕೊಟ್ಟು ಅವನನ್ನು ಬದುಕಿಸಿದವಳು ಇದೇ ಗೌಸಬಿ.

ಲಕ್ಕವ್ವ ಮನಸ್ಸಿನಲ್ಲೇ ನಿಶ್ಚಯಿಸಿದ್ದಳು. ಆ ಹುಡುಗಿಗಾಗಿ ಇವನು ಒಂದು ಸಲ ತಲೆ ತಗ್ಗಿಸಲಿ, ಸಾಕು, ಒಳಗೆ ಕರೆದುಕೊಳ್ಳುತ್ತೇನೆ. ಹೆತ್ತ ಹೊಟ್ಟೆ ಏನನ್ನು ನುಂಗುವುದಿಲ್ಲ!

ಮಗ ಹಾರದ ಭಾರಕ್ಕೆ ಬಾಗಿ, ಹಲ್ಲು ಕಿರಿಯುತ್ತ ಬಂದ.

"ಲಗೂನ ಇಳಿ ತಗಿಬೇ ಯವ್ವಾ, ಮಂದಿ ಕಣ್ಣು ಬಾಳ ಬಿದ್ದೈತಿ."

"ಮೊದಲ ಗೌಸಬಿ ಮನಿಗೆ ಹೋಗಿ ಬಾ. ಸಗೀರಾ ಸತ್ತಾಗಿಂದ ಆಕಿ ಬಾಗಲಾ ಬಿಟ್ಟು ಎದ್ದಿಲ್ಲ."

"ಅದಾ?" ಎಂದ, ಯಾರದೋ ಮೊಬೈಲಿಗೆ ಕೈಮುಗಿಯುತ್ತ. "ಪರಿಹಾರ ಕೊಡಸೇನಲ್ಲ. ಆ ಮನಿ ವೋಟು ಎಲ್ಲೂ ಹೋಗೂದಿಲ್ಲ, ನೀ ಚಿಂತಿ ಮಾಡಬ್ಯಾಡ."

ಲಕ್ಕವ್ವನಿಗೆ ಅಸಹ್ಯವಾಯಿತು. ಇಂಥವನನ್ನು ಹೆತ್ತ ತನ್ನ ಮೇಲೂ ಅಸಹ್ಯವಾಯಿತು.

ಮೆಟ್ಟಿಲಿಳಿದು, ಮಗನನ್ನು ಸರಿಸಿ, ಓಣಿ ದಾಟಿದಳು. ಎದುರು ಬಾಗಿಲಲ್ಲಿ ಕಲ್ಲಿನಂತೆ ಕೂತಿದ್ದ ಗೌಸಬಿಯ ಸುತ್ತ ರೊಟ್ಟಿ ನೀವಾಳಿಸಿದಳು. "ನನ್ನ ಮನಿ ಕಣ್ಣಽ ನಿನಗ ಬಡದೈತಿ, ತಂಗಿ," ಎಂದು ಅತ್ತಳು. ತಿರುಗಿ ಆ ರೊಟ್ಟಿಯನ್ನು ಬೀದಿಗೆ ಬೀಸಿ ಒಗೆದಳು.

ಅದು ಬಸಂತರಾಯನ ಕಾಲ ಬುಡದಲ್ಲಿ ಬಿತ್ತು.

ಸೆಲ್ಫಿಗೆಂದು ಅವನ ಹೆಗಲಿಗೆ ಜೋತುಬಿದ್ದವರು ರೊಟ್ಟಿಯನ್ನು ನೋಡಿದರು, ತಮ್ಮ ಕಾಲು ನೋಡಿಕೊಂಡರು, ಒಬ್ಬೊಬ್ಬರಾಗಿ ಹಿಂದೆ ಸರಿದರು.